ಗಿಟಾರ್ ಕಲಿಕೆ: ಎದುರಿನ ಪಾಠ ಯಾವಾಗ, ಆನ್‌ಲೈನ್ ಪಾಠ ಯಾವಾಗ? ಮಲೆನಾಡಿನವರಿಗೆ ಹಂತ ಹಂತದ ಮಾರ್ಗದರ್ಶಿ

ಗಿಟಾರ್ ಕೊಂಡವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ತಿಂಗಳು ವಿಡಿಯೋ ನೋಡಿ ಇ ಮೈನರ್, ಎ ಮೈನರ್, ಡಿ ಮೇಜರ್ ಕಾರ್ಡ್‌ಗಳನ್ನು (ಹಲವು ಸ್ವರ ಒಟ್ಟಿಗೆ ನುಡಿಯುವ ಹಿಡಿತಗಳನ್ನು) ಹಿಡಿಯಲು ಬರುತ್ತದೆ. ಎರಡನೆಯ ತಿಂಗಳು ಒಂದೆರಡು ಹಾಡು ಅರ್ಧರ್ಧ ಕೂಡಿಬರುತ್ತವೆ. ಮೂರನೆಯ ತಿಂಗಳಲ್ಲಿ ಎಫ್ ಕಾರ್ಡ್ ಎದುರಾಗುತ್ತದೆ. ತೋರುಬೆರಳನ್ನು ಎಷ್ಟು ಒತ್ತಿದರೂ ತಂತಿ ನುಡಿಯದೆ ಗಿಟಾರ್ ಅಟ್ಟ ಸೇರುತ್ತದೆ. ಶಿವಮೊಗ್ಗದಲ್ಲಿ ಪಾಠ ಹೇಳುವ ನನ್ನ ಬಳಿಗೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರು ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ ಬರುತ್ತಾರೆ, ಮತ್ತು ಆನ್‌ಲೈನ್ ಪಾಠವೇ ತಪ್ಪಾಯಿತೇ ಎಂದು ಕೇಳುತ್ತಾರೆ.

ತಪ್ಪು ಇರುವುದು ಕ್ರಮದಲ್ಲಿ. ಕೈ ಕೂರುವವರೆಗೆ ಎದುರಿಗೆ ಕೂತು ತಿದ್ದುವವರು ಬೇಕು. ಕೈ ಕೂತ ಮೇಲೆ ಪಾಠದ ಹೆಚ್ಚಿನ ಭಾಗವನ್ನು ಮನೆಯಲ್ಲೇ ಆನ್‌ಲೈನಿನಲ್ಲಿ ಕಲಿಯಬಹುದು. ಈ ಕ್ರಮ ತಿರುಗುಮುರುಗಾದಾಗ ಆರು ತಿಂಗಳ ಶ್ರಮವನ್ನು ಮರೆತು ಹೊಸದಾಗಿ ಆರಂಭಿಸಬೇಕಾಗುತ್ತದೆ. ಮಳೆ, ದೂರ, ನೆಟ್‌ವರ್ಕ್ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ಗಿಟಾರ್ ಅಲ್ಲದೆ ಬೇಕಾಗುವುದು ಇಷ್ಟು: ನೆಕ್ಕಿನ (ಗಿಟಾರಿನ ಕತ್ತಿನ) ತುದಿಗೆ ಸಿಕ್ಕಿಸುವ, ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್, 0.6ರಿಂದ 0.7 ಮಿ.ಮೀ. ದಪ್ಪದ ಎರಡು ಮೂರು ಪಿಕ್, ಒಂದು ಸೆಟ್ ಹೆಚ್ಚುವರಿ ತಂತಿ, ಒಂದು ಕೇಪೋ (ಎಲ್ಲ ತಂತಿಗಳನ್ನೂ ನೆಕ್ಕಿನ ಒಂದೆಡೆ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್), ತೋಳಿಲ್ಲದ ಗಟ್ಟಿ ಕುರ್ಚಿ, ಫೋನ್ ನಿಲ್ಲಿಸುವ ಸ್ಟ್ಯಾಂಡ್, ವೈರ್ ಇರುವ ಇಯರ್‌ಫೋನ್, ಒಣ ಹತ್ತಿಬಟ್ಟೆ ಮತ್ತು ಒಂದು ನೋಟ್‌ಬುಕ್.

ಟ್ಯೂನರ್ ಆ್ಯಪ್ ಫೋನಿನಲ್ಲೇ ಇರುವಾಗ ಕ್ಲಿಪ್ ಟ್ಯೂನರ್ ಯಾಕೆ ಎಂದು ಕೇಳುವವರಿದ್ದಾರೆ. ಆ್ಯಪ್ ಮೈಕಿನ ಮೂಲಕ ಕೇಳುತ್ತದೆ. ಹೆಂಚಿನ ಅಥವಾ ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ ಅದಕ್ಕೆ ಗಿಟಾರಿನ ನಾದ ಸ್ಪಷ್ಟವಾಗಿ ಸಿಗುವುದಿಲ್ಲ, ಮುಳ್ಳು ಅತ್ತಿಂದಿತ್ತ ಓಡಾಡುತ್ತದೆ. ಕ್ಲಿಪ್ ಟ್ಯೂನರ್ ಮರದ ಕಂಪನವನ್ನು ನೇರವಾಗಿ ಹಿಡಿಯುವುದರಿಂದ ಆರಿದ್ರಾ ಮಳೆಯಲ್ಲೂ ಸರಿಯಾಗಿ ಕೆಲಸ ಮಾಡುತ್ತದೆ. ಯಾವ ಟ್ಯೂನರ್ ಆದರೂ ಅದರಲ್ಲಿ 440 ಎಂಬ ಸಂಖ್ಯೆ (ಎ ಸ್ವರದ ಕಂಪನ, ಹರ್ಟ್ಜ್‌ನಲ್ಲಿ) ಕಾಣುತ್ತಿರಬೇಕು. ಗುಂಡಿ ಒತ್ತುವಾಗ ಕೈತಪ್ಪಿ ಅದು 432ಕ್ಕೋ 445ಕ್ಕೋ ಸರಿದಿದ್ದರೆ, ಗಿಟಾರ್ ತನ್ನಷ್ಟಕ್ಕೆ ಸರಿಯಾಗಿ ಕೇಳಿದರೂ ವಿಡಿಯೋದ ಜೊತೆ ಎಂದಿಗೂ ಕೂಡುವುದಿಲ್ಲ.

ಹಂತ 1: ಗುರಿಯನ್ನೂ ದೂರವನ್ನೂ ಕಾಗದದ ಮೇಲೆ ಬರೆಯಿರಿ

ಹಾಡುತ್ತಾ ಕಾರ್ಡ್ ನುಡಿಸುವುದು ನಿಮ್ಮ ಗುರಿಯೇ, ಬೆರಳುಗಳಿಂದ ಮೀಟುವ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರೇ, ಎಲೆಕ್ಟ್ರಿಕ್ ಗಿಟಾರೇ ಎಂಬುದನ್ನು ಗಿಟಾರ್ ಕೊಳ್ಳುವ ಮೊದಲೇ ತೀರ್ಮಾನಿಸಿ. ಹಾಡಿಗೆ ಕಾರ್ಡ್ ನುಡಿಸುವವರಿಗೆ ಎದುರಿನ ಪಾಠ ಕಡಿಮೆ ಸಾಕು. ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ, ಇನಿಷಿಯಲ್‌ನಿಂದ 8ನೆಯ ಗ್ರೇಡ್‌ವರೆಗಿನ ಪರೀಕ್ಷೆಗಳಿಗೆ ಶಾಸ್ತ್ರೀಯ ಗಿಟಾರ್ ಕಲಿಯುವವರಿಗೆ ಅದು ಹೆಚ್ಚು ಕಾಲ ಬೇಕಾಗುತ್ತದೆ. ಬಲಗೈ ಬೆರಳು ತಂತಿಯನ್ನು ಮುಟ್ಟುವ ಕೋನ, ಉಗುರಿನ ಆಕಾರ ಇವು ಪರದೆಯ ಮೇಲೆ ಕಾಣುವಷ್ಟು ದೊಡ್ಡ ಸಂಗತಿಗಳಲ್ಲ.

ಅನಂತರ ದೂರವನ್ನು ಬರೆಯಿರಿ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ., ತೀರ್ಥಹಳ್ಳಿಯಿಂದ 60 ಕಿ.ಮೀ.ಗೂ ಹೆಚ್ಚು. ಒಂದು ಗಂಟೆಯ ಪಾಠಕ್ಕೆ ಅರ್ಧ ದಿನ ಬಸ್ಸಿನಲ್ಲಿ ಕಳೆಯುತ್ತದೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲವಾದರೂ, ನಮ್ಮ ಕಡೆಯ ಅನೇಕ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ ಆದ್ದರಿಂದ ಖರ್ಚನ್ನು ನಿಮ್ಮ ದಾರಿಯ ಪ್ರಕಾರವೇ ಲೆಕ್ಕ ಹಾಕಬೇಕು. ಪಾಠದ ಶುಲ್ಕ, ಬಸ್ ಖರ್ಚು, ಕಳೆಯುವ ಗಂಟೆ ಮೂರನ್ನೂ ಒಟ್ಟಿಗೆ ಬರೆದಾಗ, ವರ್ಷವಿಡೀ ವಾರಕ್ಕೊಮ್ಮೆ ಹೋಗಿಬರುವುದು ಆಗದ ಮಾತು ಎಂಬುದೂ, ಎಂಟು ಬಾರಿ ಹೋಗಿಬರುವುದು ಖಂಡಿತ ಆಗುವ ಮಾತು ಎಂಬುದೂ ಹೆಚ್ಚಿನವರಿಗೆ ಸ್ಪಷ್ಟವಾಗುತ್ತದೆ.

ಹಂತ 2: ಪಾಠಕ್ಕೆ ಮೊದಲು ಗಿಟಾರನ್ನು ಪರೀಕ್ಷಿಸಿ

‘ನನ್ನ ಬೆರಳಿಗೆ ಬಲ ಸಾಲದು ಸರ್’ ಎಂದು ಬೇಸರದಿಂದ ಹೇಳುವವರ ಗಿಟಾರನ್ನು ಕೈಗೆತ್ತಿಕೊಂಡರೆ, ಬಹಳ ಸಲ ದೋಷ ಗಿಟಾರಿನಲ್ಲೇ ಇರುತ್ತದೆ. ತಂತಿಗಳು ಫ್ರೆಟ್ಟಿನಿಂದ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಯಿಂದ) ತೀರ ಎತ್ತರದಲ್ಲಿದ್ದರೆ ಅನುಭವಿಗಳಿಗೂ ಒತ್ತುವುದು ಕಷ್ಟ. ಈ ಎತ್ತರವನ್ನು ಆಕ್ಷನ್ ಎನ್ನುತ್ತಾರೆ.

ಅಳೆಯಲು ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ಅಕ್ಷರ ಉಬ್ಬಿಲ್ಲದ ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು, 12ನೆಯ ಫ್ರೆಟ್ಟಿನ ಲೋಹದ ಮೇಲೆ, ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯ ಕೆಳಗೆ ಮೆಲ್ಲನೆ ತೂರಿಸಿ. ಉಕ್ಕಿನ ತಂತಿಯ ಗಿಟಾರಿನಲ್ಲಿ ಮೂರು ಕಾರ್ಡ್, ಅಂದರೆ ಸುಮಾರು 2.3 ಮಿ.ಮೀ., ತಂತಿಯನ್ನು ಎತ್ತದೆ ಹಿಡಿಸಿದರೆ ಒಳ್ಳೆಯದು. ನಾಲ್ಕು ಕಾರ್ಡ್ ಸಲೀಸಾಗಿ ತೂರಿದರೆ ಎತ್ತರ 3 ಮಿ.ಮೀ. ದಾಟಿದೆ, ಅಂಗಡಿಯವರಲ್ಲೋ ರಿಪೇರಿಯವರಲ್ಲೋ ಸೆಟಪ್ ಮಾಡಿಸಿಯೇ ಪಾಠ ಆರಂಭಿಸಬೇಕು. ನೈಲಾನ್ ತಂತಿಯ ಗಿಟಾರಿನಲ್ಲಿ 3ರಿಂದ 4 ಮಿ.ಮೀ. ಇರುವುದು ಸಹಜ.

ಎರಡನೆಯ ಪರೀಕ್ಷೆ ನೆಕ್ಕಿನದು. ಆರನೆಯ ತಂತಿಯನ್ನು ಒಂದು ಕೈಯಿಂದ 1ನೆಯ ಫ್ರೆಟ್ಟಿನಲ್ಲಿ, ಇನ್ನೊಂದರಿಂದ 14ನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ನಡುವೆ 7ನೆಯ ಫ್ರೆಟ್ಟಿನ ಬಳಿ ನೋಡಿ. ಕಾಗದದ ಹಾಳೆಯಷ್ಟು ಸಂದು ಇರಬೇಕು. ಎಟಿಎಂ ಕಾರ್ಡಿನಷ್ಟು ಸಂದಿದ್ದರೆ ನೆಕ್ ಬಾಗಿದೆ. ನೆಕ್ಕಿನ ಬಾಗನ್ನು ಹೊಂದಿಸುವ ಒಳಗಿನ ಟ್ರಸ್ ರಾಡನ್ನು ನೀವೇ ತಿರುಗಿಸಲು ಹೋಗಬೇಡಿ. ಒಂದು ಸುತ್ತು ಹೆಚ್ಚಾದರೆ ನೆಕ್ ಕೈಬಿಡುತ್ತದೆ.

ಮೂರನೆಯದು ಬ್ರಿಡ್ಜ್, ಅಂದರೆ ಮೇಲಿನ ಹಲಗೆಗೆ ಅಂಟಿಸಿದ, ತಂತಿಗಳನ್ನು ಹಿಡಿದಿರುವ ತುಂಡು. ಅದರ ಹಿಂಬದಿಯ ಅಂಚಿನ ಕೆಳಗೆ ಕಾಗದ ತೂರುವಂತಿದ್ದರೆ ಅಂಟು ಬಿಡುತ್ತಿದೆ ಎಂದರ್ಥ. ಎರಡು ಮಳೆಗಾಲ ಕಂಡ ಹಳೆಯ ಗಿಟಾರ್ ಕೊಳ್ಳುವವರು ಇದನ್ನು ನೋಡದೆ ಹಣ ಕೊಡಬಾರದು.

ಉಕ್ಕಿನ ತಂತಿಯ ಗಿಟಾರ್ ಕೊಳ್ಳುವ ಹೊಸಬರು 0.010 ಅಥವಾ 0.011 ಇಂಚು ಅಳತೆಯ ತೆಳು ತಂತಿ ಹಾಕಿಸಿಕೊಳ್ಳಲಿ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಮುಕ್ಕಾಲು ಅಳತೆಯ ಗಿಟಾರ್ ಹೊಂದುತ್ತದೆ. ಬೆಳೆದ ಮೇಲೆ ಬರುತ್ತದೆಂದು ದೊಡ್ಡದನ್ನೇ ಕೊಡಿಸಿದರೆ ಮಗುವಿನ ಭುಜ ಮೇಲೆದ್ದು ಕುತ್ತಿಗೆ ವಾಲುತ್ತದೆ. ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ. ಆ ಎಳೆತವನ್ನು ತಡೆಯುವಂತೆ ಅದನ್ನು ಕಟ್ಟಿರುವುದಿಲ್ಲ, ಬ್ರಿಡ್ಜ್ ಕಿತ್ತುಬರುತ್ತದೆ.

ಹಂತ 3: ಮೊದಲ ಎಂಟು ಪಾಠಗಳನ್ನು ಎದುರಿಗೆ ಕೂತು ಕಲಿಯಿರಿ

ಫೋನಿನ ಪರದೆಯಲ್ಲಿ ಬೆರಳು ಎಲ್ಲಿದೆ ಎಂಬುದು ಕಾಣುತ್ತದೆ, ಅದು ಎಷ್ಟು ಬಲದಿಂದ ಒತ್ತುತ್ತಿದೆ ಎಂಬುದು ಕಾಣುವುದಿಲ್ಲ. ಎದುರಿಗೆ ಕೂತ ಗುರುಗಳು ವಿದ್ಯಾರ್ಥಿಯ ಹೆಬ್ಬೆರಳನ್ನು ತಮ್ಮ ಬೆರಳಿನಿಂದ ಸ್ವಲ್ಪ ಸರಿಸಿ, ಮಣಿಕಟ್ಟನ್ನು ಒಂದಿಷ್ಟು ನೇರ ಮಾಡಿ, ‘ಈಗ ನುಡಿಸಿ ನೋಡಿ’ ಎಂದಾಗ ಅದೇ ಕಾರ್ಡ್ ಅರ್ಧ ಬಲಕ್ಕೆ ನುಡಿಯುತ್ತದೆ. ಆ ವ್ಯತ್ಯಾಸವನ್ನು ಕೈ ಒಮ್ಮೆ ಅನುಭವಿಸಿದ ಮೇಲೆ ಮನೆಯಲ್ಲಿ ತಾನಾಗಿಯೇ ಹುಡುಕಿಕೊಳ್ಳಬಲ್ಲದು. ಅನುಭವಿಸದ ಕೈಗೆ ಏನನ್ನು ಹುಡುಕಬೇಕೆಂಬುದೇ ಗೊತ್ತಿರುವುದಿಲ್ಲ.

ಈ ಎಂಟು ಪಾಠಗಳಲ್ಲಿ ಹಾಡಿನ ಸಂಖ್ಯೆಯನ್ನು ಎಣಿಸಬೇಡಿ. ಬೆನ್ನು ನೆಟ್ಟಗಿಟ್ಟು ಕೂರುವುದು ಮೊದಲನೆಯದು. ಗಿಟಾರಿನ ಭಾರ ಎಡಗೈಯ ಮೇಲೆ ಬೀಳಬಾರದು. ಎಡಗೈ ಬಿಟ್ಟರೂ ಗಿಟಾರ್ ತೊಡೆಯ ಮೇಲೆ ನಿಲ್ಲಬೇಕು. ಎರಡನೆಯದು ಎಡಗೈ: ಹೆಬ್ಬೆರಳು ನೆಕ್ಕಿನ ಹಿಂದೆ, ಸರಿಸುಮಾರು ನಡುಬೆರಳಿನ ನೇರದಲ್ಲಿ, ಬೆರಳ ತುದಿ ಫ್ರೆಟ್ಟಿನ ಲೋಹಕ್ಕೆ ತೀರ ಹತ್ತಿರ, ಆದರೆ ಅದರ ಮೇಲಲ್ಲ. ಮೂರನೆಯದು ಬಲಗೈ, ಮತ್ತು ವಿಡಿಯೋ ನೋಡಿ ಕಲಿತವರಲ್ಲಿ ಎಲ್ಲಕ್ಕಿಂತ ಕೆಟ್ಟಿರುವುದು ಇದೇ. ಕಣ್ಣು ಸದಾ ಎಡಗೈಯ ಬೆರಳುಗಳ ಮೇಲಿರುವುದರಿಂದ ಬಲಗೈ ಕಟ್ಟಿಗೆಯಂತೆ ಬಿಗಿಯುತ್ತದೆ, ಬೀಸು ಮಣಿಕಟ್ಟಿನಿಂದ ಬರುವ ಬದಲು ಮೊಣಕೈಯಿಂದಲೇ ಬರುತ್ತದೆ. ಕೊನೆಯದು, ಶ್ರುತಿ ಸರಿಯಿದೆಯೇ ಎಂಬುದನ್ನು ಕಿವಿಯಿಂದ ಗುರುತಿಸಲು ಕಲಿಯುವುದು.

ಹೊಸನಗರದ ಕಡೆಯ ಒಬ್ಬ ವಿದ್ಯಾರ್ಥಿನಿ ಒಂದು ವರ್ಷ ವಿಡಿಯೋ ನೋಡಿ ಶ್ರದ್ಧೆಯಿಂದ ಕಲಿತು ನನ್ನ ಬಳಿಗೆ ಬಂದರು. ಇಪ್ಪತ್ತು ಹಾಡು ಬರುತ್ತಿತ್ತು, ಆದರೆ ಹೆಬ್ಬೆರಳು ನೆಕ್ಕಿನ ಮೇಲಿಂದ ಪೂರ್ತಿ ಹೊರಬಂದು ಅಂಗೈ ನೆಕ್ಕಿಗೆ ಅಂಟಿಕೊಂಡಿತ್ತು. ಹೊಸ ಕಾರ್ಡ್ ಒಂದನ್ನೂ ಕಲಿಸದೆ ಅದೊಂದನ್ನೇ ತಿದ್ದಲು ನಾಲ್ಕು ತಿಂಗಳು ಹಿಡಿಯಿತು. ಅವರ ತಾಳ್ಮೆ ದೊಡ್ಡದು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಎಂಬುದಕ್ಕಾಗಿಯೇ ಈ ಹಂತವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದೂರದವರು ಎಂಟು ಪಾಠಗಳನ್ನು ಏಪ್ರಿಲ್ ಮತ್ತು ಮೇ ರಜೆಗೆ ಹೊಂದಿಸಿಕೊಳ್ಳುವುದು ಅನುಕೂಲ. ವಾರಕ್ಕೆ ಎರಡರಂತೆ ನಾಲ್ಕು ವಾರ ಶಿವಮೊಗ್ಗದ ನೆಂಟರ ಮನೆಯಲ್ಲಿದ್ದು ಕಲಿತ ಮಕ್ಕಳಿದ್ದಾರೆ. ಎಂಟನ್ನೂ ಒಂದೇ ವಾರದಲ್ಲಿ ಮುಗಿಸುವುದು ಮಾತ್ರ ವ್ಯರ್ಥ. ಎರಡು ಪಾಠಗಳ ನಡುವೆ ಎರಡು ಮೂರು ದಿನದ ಅಭ್ಯಾಸವಿಲ್ಲದಿದ್ದರೆ ತಿದ್ದುವುದಕ್ಕೆ ಏನೂ ಇರುವುದಿಲ್ಲ. ರಜೆಯಲ್ಲಿ ಹೀಗೆ ಕೈ ಕೂತರೆ, ಮಳೆಗಾಲದ ತಿಂಗಳುಗಳನ್ನು ಆನ್‌ಲೈನ್ ಪಾಠಕ್ಕೆ ಬಿಟ್ಟುಕೊಡಬಹುದು.

ಗುರುಗಳನ್ನು ಆರಿಸುವಾಗ ಒಂದು ಮಾತು ನೆನಪಿಡಿ. ಹತ್ತು ಮಕ್ಕಳು ಒಟ್ಟಿಗೆ ಕೂತು ಒಂದೇ ಹಾಡನ್ನು ಬಾರಿಸುವ ತರಗತಿ ಎದುರಿನ ಪಾಠವೆಂದು ಕಂಡರೂ ನಿಮ್ಮ ಕೈಯನ್ನು ಅಲ್ಲಿ ಯಾರೂ ನೋಡುತ್ತಿರುವುದಿಲ್ಲ. ಅದಕ್ಕಿಂತ ಒಬ್ಬರಿಗೆ ಒಬ್ಬರಂತೆ ನಡೆಯುವ ಆನ್‌ಲೈನ್ ಪಾಠವೇ ಎಷ್ಟೋ ಮೇಲು. ಮೊದಲ ದಿನ ಗುರುಗಳು ನಿಮ್ಮನ್ನು ಒಬ್ಬರನ್ನೇ ನುಡಿಸಲು ಹೇಳಿದರೇ, ನಿಮ್ಮ ಗಿಟಾರಿನ ಎತ್ತರ ನೋಡಿದರೇ, ಮನೆಯಲ್ಲಿ ಏನು ಮಾಡಬೇಕೆಂದು ಬರೆಸಿದರೇ ಎಂಬುದನ್ನು ಗಮನಿಸಿ. ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ಅವರೇ ನುಡಿಸುತ್ತಿದ್ದರೆ ಬೇರೆಯವರನ್ನು ಹುಡುಕಿ.

ಹಂತ 4: ಆನ್‌ಲೈನ್ ಪಾಠಕ್ಕೆ ಕೋಣೆ, ಫೋನ್, ಧ್ವನಿಯನ್ನು ಸಿದ್ಧಪಡಿಸಿ

ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ವಿಳಂಬ. ಇಬ್ಬರು ಕೂಡಿ ನುಡಿಸಬೇಕಾದರೆ ಒಬ್ಬರ ನಾದ ಇನ್ನೊಬ್ಬರಿಗೆ ಸುಮಾರು 0.03 ಸೆಕೆಂಡಿನೊಳಗೆ ಕೇಳಬೇಕು. ಗಾಳಿಯಲ್ಲಿ ಅಷ್ಟು ಹೊತ್ತಿಗೆ ಶಬ್ದ ಹತ್ತು ಮೀಟರ್ ಸಾಗುತ್ತದೆ. ವಿಡಿಯೋ ಕರೆಯಲ್ಲಿ ನಾದ ಹೋಗಿ ಉತ್ತರ ಬರಲು ಅನೇಕ ವೇಳೆ 0.2 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಅರ್ಧ ಎಣಿಕೆಗೆ ಇರುವ ಹೊತ್ತೇ 0.25 ಸೆಕೆಂಡ್. ಆದ್ದರಿಂದ ಕರೆಯಲ್ಲಿ ಗುರುಗಳ ಜೊತೆ ಒಟ್ಟಿಗೆ ನುಡಿಸಲು ಯತ್ನಿಸಬೇಡಿ. ಅವರು ನುಡಿಸಿದಾಗ ಕೇಳಿ, ಆಮೇಲೆ ನೀವು ನುಡಿಸಿ. ಲಯ ತಪ್ಪುತ್ತಿದೆ ಎಂದು ತಮ್ಮನ್ನೇ ದೂರಿಕೊಳ್ಳುವ ಎಷ್ಟೋ ವಿದ್ಯಾರ್ಥಿಗಳ ಲಯ ಸರಿಯಾಗಿಯೇ ಇರುತ್ತದೆ.

ಎರಡನೆಯದು ಧ್ವನಿ. ವಿಡಿಯೋ ಕರೆಯ ಆ್ಯಪ್‌ಗಳು ಮಾತನ್ನು ಉಳಿಸಿ ಉಳಿದ ಶಬ್ದವನ್ನು ಅಳಿಸುವಂತೆ ರಚನೆಗೊಂಡಿವೆ. ಗಿಟಾರಿನ ಎಳೆದ ನಾದ ಅವುಗಳಿಗೆ ಫ್ಯಾನಿನ ಸದ್ದಿನಂತೆ ಕೇಳಿ, ಮೀಟಿದ ಮರುಕ್ಷಣ ನಾದ ಮಾಯವಾಗುತ್ತದೆ. ಜೂಮ್‌ನಲ್ಲಿ ಸಂಗೀತಗಾರರಿಗಾಗಿ ಇರುವ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಈ ಅಳಿಸುವಿಕೆ ನಿಲ್ಲುತ್ತದೆ. ಜೊತೆಗೆ ಇಯರ್‌ಫೋನ್ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಗುರುಗಳ ಧ್ವನಿ ನಿಮ್ಮ ಮೈಕಿಗೆ ಮರಳಿ ಹೊಕ್ಕು ಪ್ರತಿಧ್ವನಿಸುತ್ತದೆ. ಬ್ಲೂಟೂತ್ ಇಯರ್‌ಫೋನ್ ಇನ್ನಷ್ಟು ವಿಳಂಬ ಸೇರಿಸುವುದರಿಂದ ವೈರ್ ಇರುವುದೇ ಆಗಬೇಕು. ಆದರೆ ಅಳಿಸುವಿಕೆ ನಿಂತರೆ ಮಾಡಿನ ಮೇಲಿನ ಮಳೆಯ ಸದ್ದೂ ಪೂರ್ತಿಯಾಗಿ ಗುರುಗಳಿಗೆ ಹೋಗುತ್ತದೆ. ಹಾಗಾಗಿ ಪಾಠಕ್ಕೆ ಜಗಲಿಗಿಂತ ಮನೆಯ ಒಳಕೋಣೆ, ಮೇಲೆ ಮರದ ಅಟ್ಟವಿರುವ ಕೋಣೆಯಾದರೆ ಇನ್ನೂ ಉತ್ತಮ.

ಕ್ಯಾಮೆರಾದ ಸ್ಥಾನವನ್ನು ಪಾಠಕ್ಕೆ ಮೊದಲೇ ನಿಶ್ಚಯಿಸಿ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಫೋನನ್ನು ಅಡ್ಡವಾಗಿ, ಗಿಟಾರಿನ ಎತ್ತರಕ್ಕೆ, ನಾಲ್ಕೈದು ಅಡಿ ದೂರದಲ್ಲಿ, ನೆಕ್ಕಿನ ಕಡೆಗೆ ಸ್ವಲ್ಪ ಸರಿಸಿ ಇಟ್ಟರೆ ಎರಡೂ ಕೈ ಕಾಣುತ್ತವೆ. ಪ್ರತಿ ಪಾಠದಲ್ಲಿ ಒಮ್ಮೆ ಕುರ್ಚಿಯನ್ನು ತಿರುಗಿಸಿ ಹೆಬ್ಬೆರಳ ಬದಿಯನ್ನೂ ತೋರಿಸಿ. ಗುರುಗಳು ಕೇಳದಿದ್ದರೂ ತೋರಿಸಿ. ಬೆಳಕು ಎದುರಿನಿಂದ ಬರಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಅವರಿಗೆ ನಿಮ್ಮ ನೆರಳಷ್ಟೇ ಕಾಣುತ್ತದೆ.

ನೆಟ್‌ವರ್ಕಿನ ವಿಷಯದಲ್ಲಿ ಮಲೆನಾಡಿನವರು ಹೆಚ್ಚು ಸಿದ್ಧರಾಗಿರಬೇಕು. ವಿಡಿಯೋ ಪಾಠಕ್ಕೆ ಗಂಟೆಗೆ ಅರ್ಧ ಜಿಬಿಯಿಂದ ಒಂದೂವರೆ ಜಿಬಿಯಷ್ಟು ಡೇಟಾ ಬೇಕಾಗುತ್ತದೆ. ಮನೆಯ ಯಾವ ಮೂಲೆಯಲ್ಲಿ, ಯಾವ ಹೊತ್ತಿನಲ್ಲಿ ಸಿಗ್ನಲ್ ನಿಲ್ಲುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟು ಪಾಠದ ಸಮಯ ನಿಗದಿಮಾಡಿ. ಜೂಮ್‌ನ ಉಚಿತ ಕರೆ 40 ನಿಮಿಷಕ್ಕೆ ಮುಗಿಯುವುದರಿಂದ ಪಾಠವನ್ನು 35 ನಿಮಿಷಕ್ಕೆ ಯೋಜಿಸಿಕೊಳ್ಳಿ. ಕರೆಂಟ್ ಹೋದರೆ ರೂಟರ್ ನಿಲ್ಲುತ್ತದೆ. ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಮೊಬೈಲ್ ಡೇಟಾ ಉಳಿಸಿಟ್ಟುಕೊಂಡೇ ಕೂರಬೇಕು.

ಸಿಗ್ನಲ್ಲೇ ನಿಲ್ಲದ ಊರಿನವರಿಗೆ ಬೇರೆ ದಾರಿಯಿದೆ, ಮತ್ತು ಅದು ಎಷ್ಟೋ ಬಾರಿ ನೇರ ಕರೆಗಿಂತ ಚೆನ್ನಾಗಿ ನಡೆಯುತ್ತದೆ. ವಾರದ ಅಭ್ಯಾಸವನ್ನು ಎರಡು ನಿಮಿಷದ ವಿಡಿಯೋ ಮಾಡಿ, ಸಿಗ್ನಲ್ ಇರುವಲ್ಲಿಗೆ ಹೋದಾಗ ಗುರುಗಳಿಗೆ ಕಳುಹಿಸಿ. ಅವರು ನೋಡಿ ತಿದ್ದುಪಡಿಯನ್ನು ವಿಡಿಯೋದಲ್ಲೇ ಕಳುಹಿಸುತ್ತಾರೆ. ಫೋನಿನಲ್ಲೇ ರೆಕಾರ್ಡ್ ಆದ ವಿಡಿಯೋದಲ್ಲಿ ನಾದ ಕರೆಯಲ್ಲಿ ಕೆಡುವಷ್ಟು ಕೆಡುವುದಿಲ್ಲ, ಮತ್ತು ಗುರುಗಳು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಿ. ಇದೂ ಅವರ ದುಡಿಮೆಯ ಸಮಯವೇ.

ಹಂತ 5: ರೆಕಾರ್ಡ್ ಆದ ಪಾಠಗಳಲ್ಲಿ ಒಂದನ್ನೇ ಹಿಡಿಯಿರಿ

ರೆಕಾರ್ಡ್ ಆದ ಪಾಠಗಳು ಅಭ್ಯಾಸಕ್ಕೆ ಒಳ್ಳೆಯ ಆಸರೆ. ಇಂಗ್ಲಿಷ್ ಅರ್ಥವಾಗುವವರಿಗೆ ಜಸ್ಟಿನ್ ಗಿಟಾರ್ ಜಾಲತಾಣದ ಆರಂಭಿಕ ಪಾಠಗಳು ಉಚಿತವಾಗಿ, ಕ್ರಮಬದ್ಧವಾಗಿ ಸಿಗುತ್ತವೆ. ಯಾವುದನ್ನು ಆರಿಸಿದರೂ ಆರು ತಿಂಗಳು ಅದರ ಕ್ರಮವನ್ನೇ ಅನುಸರಿಸಿ. ಇಂದು ಒಬ್ಬರ ವಿಡಿಯೋ, ನಾಳೆ ಇನ್ನೊಬ್ಬರದು ನೋಡುವವರು ನೂರು ಸಂಗತಿ ತಿಳಿದಿದ್ದರೂ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಲಾರರು.

ಯೂಟ್ಯೂಬ್ ವಿಡಿಯೋವನ್ನು 0.75 ವೇಗಕ್ಕೆ ಇಳಿಸಿ ನೋಡಬಹುದು; ಶ್ರುತಿ ಬದಲಾಗುವುದಿಲ್ಲ. ಮೈಕಿನಲ್ಲಿ ಕೇಳಿ ಅಂಕ ಕೊಡುವ ಆ್ಯಪ್‌ಗಳು ಸ್ವರವನ್ನೂ ಸಮಯವನ್ನೂ ಅಳೆಯುತ್ತವೆಯೇ ಹೊರತು, ಮಣಿಕಟ್ಟು ಬಾಗಿರುವುದನ್ನು ಕಾಣಲಾರವು. ಅಂಕ ಏರುತ್ತಿರುವಾಗಲೇ ಕೈ ಕೆಡುತ್ತಿರಬಹುದು.

ಹಂತ 6: ವಾರದ ಅಭ್ಯಾಸಕ್ಕೆ ಕಟ್ಟುಪಾಡು ಹಾಕಿಕೊಳ್ಳಿ

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಾಕು. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂರುವುದು ಬೆರಳನ್ನು ನೋಯಿಸುತ್ತದೆ, ಕಲಿಸುವುದಿಲ್ಲ. ಮೊದಲ ಐದು ನಿಮಿಷ ಶ್ರುತಿ ಮತ್ತು ಬೆರಳುಗಳ ನಿಧಾನದ ಚಲನೆ. ಮುಂದಿನ ಹತ್ತು ನಿಮಿಷ ಕಾರ್ಡ್ ಬದಲಾವಣೆ: ಎರಡೇ ಕಾರ್ಡ್ ತೆಗೆದುಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸಿದಿರಿ ಎಂದು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. 30 ಬಂದರೆ ಹಾಡಿಗೆ ಹಚ್ಚಬಹುದು, 60 ಬಂದರೆ ಆ ಜೋಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಆಮೇಲೆ ಹತ್ತು ನಿಮಿಷ ಲಯ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು ಹಾಡು, ಕೊನೆಗೆ ಐದು ನಿಮಿಷ ರೆಕಾರ್ಡ್ ಮಾಡಿ ಕೇಳುವುದು. ಹೆಚ್ಚಿನವರು ಬಿಟ್ಟುಬಿಡುವುದು ಈ ಕೊನೆಯ ಐದು ನಿಮಿಷವನ್ನು. ಗುರುಗಳು ಎದುರಿಗಿಲ್ಲದ ದಿನಗಳಲ್ಲಿ ನಿಮ್ಮ ತಪ್ಪನ್ನು ಹೇಳುವುದು ಆ ರೆಕಾರ್ಡಿಂಗ್ ಮಾತ್ರ.

ಮನೆಯಲ್ಲಿ ಕರ್ನಾಟಕ ಸಂಗೀತದ ಪಾಠವಾದ ಮಕ್ಕಳಿಗೆ ಲಯದ ವಿಷಯದಲ್ಲಿ ಒಂದು ಅನುಕೂಲವಿದೆ. ಆದಿತಾಳದ ಎಂಟು ಅಕ್ಷರಗಳನ್ನು ಎಣಿಸಬಲ್ಲವರು ನಾಲ್ಕರ ಎಣಿಕೆಯ ಎರಡು ಸುತ್ತನ್ನು ಆಗಲೇ ಎಣಿಸುತ್ತಿರುತ್ತಾರೆ. ಎಣಿಕೆಗೆ ಬಲಗೈ ಕೆಳಗೆ, ಎರಡು ಎಣಿಕೆಗಳ ನಡುವೆ ಮೇಲೆ. ತಂತಿಯನ್ನು ಮುಟ್ಟದ ಎಣಿಕೆಯಲ್ಲೂ ಕೈ ಬೀಸುತ್ತಲೇ ಇರಬೇಕು. ಆದರೆ ತಮ್ಮ ಹಾಡಿಕೆಯ ಶ್ರುತಿಗೆ ಹೊಂದಿಸಲು ಎಲ್ಲ ತಂತಿಗಳನ್ನೂ ಮೂರು ನಾಲ್ಕು ಸ್ವರಸ್ಥಾನ ಮೇಲೆ ಬಿಗಿಯುವ ತಪ್ಪನ್ನು ಇವರೇ ಮಾಡುತ್ತಾರೆ. ತಂತಿ ಕಡಿಯುತ್ತದೆ, ಬ್ರಿಡ್ಜ್ ಏಳುತ್ತದೆ. ಅದಕ್ಕೆ ಕೇಪೋ ಇದೆ.

ಬೆರಳ ತುದಿಯ ನೋವು ಸಹಜ. ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಸ್ನಾನ ಮಾಡಿ ಅಥವಾ ಪಾತ್ರೆ ತೊಳೆದು ಬಂದ ಕೂಡಲೇ ನುಡಿಸಬೇಡಿ, ನೆನೆದ ಚರ್ಮ ಕಿತ್ತುಬರುತ್ತದೆ. ಅಡಿಕೆ ಸುಲಿತದ ದಿನಗಳಲ್ಲಿ ಬೆರಳು ಕೊಯ್ದುಕೊಂಡವರು ಗಾಯ ಮಾಯುವವರೆಗೆ ಬಲಗೈಯ ಅಭ್ಯಾಸವನ್ನಷ್ಟೇ ಮಾಡಲಿ. ಬೆರಳ ತುದಿಯನ್ನು ಬಿಟ್ಟು ಬೇರೆಲ್ಲೇ ನೋವು ಕಂಡರೂ, ಅಂದರೆ ಮಣಿಕಟ್ಟಿನಲ್ಲಿ ಉಳುಕಿದಂತಾದರೆ, ಬೆರಳುಗಳಿಗೆ ಜೋಮು ಹಿಡಿದರೆ, ಹೆಬ್ಬೆರಳ ಬುಡ ಸೆಳೆದರೆ, ಅಂದೇ ನಿಲ್ಲಿಸಿ. ಎರಡು ದಿನದ ವಿಶ್ರಾಂತಿಯ ನಂತರವೂ ಅದು ಉಳಿದರೆ ವೈದ್ಯರನ್ನು ನೋಡಬೇಕು, ಮತ್ತು ಮುಂದಿನ ಪಾಠ ಎದುರಿನದೇ ಆಗಬೇಕು. ಅಭ್ಯಾಸದಿಂದ ಸರಿಹೋಗುತ್ತದೆಂದು ನಾನು ಒಂದು ಮಳೆಗಾಲ ಪೂರ್ತಿ ಬಾಗಿದ ಮಣಿಕಟ್ಟಿನಲ್ಲೇ ನುಡಿಸಿ, ಮುಂದೆ ಎರಡು ತಿಂಗಳು ಗಿಟಾರ್ ಮುಟ್ಟದೆ ಕೂರಬೇಕಾಯಿತು.

ಹಂತ 7: ಎಫ್ ಕಾರ್ಡಿಗೆ ಮೊದಲು ಗುರುಗಳ ಬಳಿಗೆ ಮರಳಿ

ತಿಂಗಳಿಗೊಮ್ಮೆ, ಆಗದಿದ್ದರೆ ಎರಡು ತಿಂಗಳಿಗೊಮ್ಮೆ, ಎದುರು ಕೂತು ಕೈ ತೋರಿಸಿ ಬನ್ನಿ. ಅದರಲ್ಲೂ ಬಾರ್ ಕಾರ್ಡ್, ಅಂದರೆ ಎಫ್‌ನಂತೆ ತೋರುಬೆರಳೊಂದರಿಂದಲೇ ತಂತಿಗಳನ್ನು ಅಡ್ಡಲಾಗಿ ಒತ್ತುವ ಕಾರ್ಡ್, ಆರಂಭಿಸುವ ವಾರ ಇದು ತಪ್ಪಬಾರದು.

ಬಾರ್ ಕಾರ್ಡನ್ನು 1ನೆಯ ಫ್ರೆಟ್ಟಿನಲ್ಲಿ ಆರಂಭಿಸುವುದೇ ಸಾಮಾನ್ಯ ತಪ್ಪು. ಅಲ್ಲಿ ತಂತಿಯನ್ನು ಬಾಗಿಸಲು ಹೆಚ್ಚು ಬಲ ಬೇಕು. 5ನೆಯ ಫ್ರೆಟ್ಟಿನಲ್ಲಿ ಆರಂಭಿಸಿ, ವಾರಕ್ಕೊಂದರಂತೆ ಕೆಳಗಿಳಿಯಿರಿ. ತೋರುಬೆರಳಿನ ಮೆತ್ತನೆಯ ಒಳಬದಿಯ ಬದಲು, ಹೆಬ್ಬೆರಳ ಕಡೆಯ ಗಟ್ಟಿ ಅಂಚು ತಂತಿಗಳ ಮೇಲೆ ಬರುವಂತೆ ಬೆರಳನ್ನು ಸ್ವಲ್ಪ ಹೊರಳಿಸಿ. ಬಲ ಬರಬೇಕಾದದ್ದು ಹೆಬ್ಬೆರಳ ಚಿವುಟಿನಿಂದ ಅಲ್ಲ, ಇಡೀ ತೋಳು ಗಿಟಾರನ್ನು ಮೈಯ ಕಡೆಗೆ ಎಳೆಯುವುದರಿಂದ. ಇದನ್ನು ಎಷ್ಟು ಬರೆದರೂ ಅರ್ಥವಾಗುವುದು ಕಷ್ಟ; ಗುರುಗಳು ನಿಮ್ಮ ಮೊಣಕೈಯನ್ನು ಒಮ್ಮೆ ಹಿಂದಕ್ಕೆ ಎಳೆದು ತೋರಿಸಿದರೆ ಅರೆಕ್ಷಣ ಸಾಕು.

ಎಷ್ಟು ಮಾಡಿದರೂ ಬಾರದಿದ್ದರೆ ಗಿಟಾರನ್ನು ಮತ್ತೆ ಪರೀಕ್ಷಿಸಿ. ಕೇಪೋವನ್ನು 1ನೆಯ ಫ್ರೆಟ್ಟಿಗೆ ಹಾಕಿ, 2ನೆಯ ಫ್ರೆಟ್ಟಿನಲ್ಲಿ ಅದೇ ಆಕಾರ ಹಿಡಿಯಿರಿ. ಥಟ್ಟನೆ ಬಹಳ ಸುಲಭವಾಯಿತೆಂದರೆ ದೋಷ ನಿಮ್ಮದಲ್ಲ. ನೆಕ್ಕಿನ ತುದಿಯ ನಟ್‌ನ ಕಚ್ಚುಗಳು ಎತ್ತರದಲ್ಲಿವೆ. ತಿಳಿದವರಿಂದ ಅವನ್ನು ಆಳ ಮಾಡಿಸಬೇಕು. ಹೊಸ ಗಿಟಾರುಗಳಲ್ಲೂ ಇದು ತೀರ ಸಾಮಾನ್ಯ.

ಬಾರ್ ಕಾರ್ಡ್ ಬಿಟ್ಟು ಇನ್ನೂ ಕೆಲವು ಸೂಚನೆ ಕಂಡರೆ ಮುಂದಿನ ತಿಂಗಳವರೆಗೆ ಕಾಯಬೇಡಿ: ಒಂದೇ ಹಾಡಿನ ಒಂದೇ ಜಾಗದಲ್ಲಿ ಮೂರು ವಾರ ನಿಂತುಹೋಗುವುದು, ನಿಮಿಷದ ಎಣಿಕೆ ಏರುವ ಬದಲು ಇಳಿಯುವುದು, ಒಬ್ಬರೇ ನುಡಿಸುವಾಗ ಸರಿಯಿದ್ದು ಮೆಟ್ರೊನೋಮ್ ಹಾಕಿದ ಕೂಡಲೇ ಕೆಡುವುದು.

ಹಂತ 8: ಮಳೆಗಾಲದಲ್ಲಿ ಗಿಟಾರನ್ನು ಕಾಯ್ದುಕೊಳ್ಳಿ

ಗಿಟಾರಿನ ಮರಕ್ಕೆ ಹಿತವಾದದ್ದು ಶೇಕಡಾ 45ರಿಂದ 55ರ ತೇವಾಂಶ. ವರ್ಷಕ್ಕೆ 7,000 ಮಿ.ಮೀ. ಮಳೆ ಬೀಳುವ ಆಗುಂಬೆಯ ಸುತ್ತಲಿನ ಊರುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯ ತೇವ ಇದಕ್ಕಿಂತ ಬಹಳ ಮೇಲಿರುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ, ಮೇಲಿನ ಹಲಗೆ ಬ್ರಿಡ್ಜಿನ ಬಳಿ ಹೊಟ್ಟೆಬಿಟ್ಟು ಮೇಲೇಳುತ್ತದೆ, ತಂತಿಯ ಎತ್ತರ ಹೆಚ್ಚುತ್ತದೆ. ಮೇ ತಿಂಗಳಲ್ಲಿ ಬರುತ್ತಿದ್ದ ಕಾರ್ಡ್ ಪುಷ್ಯ ಮಳೆಯ ಹೊತ್ತಿಗೆ ಬಾರದಾದರೆ ಮೊದಲು ಎಟಿಎಂ ಕಾರ್ಡ್ ತೂರಿಸಿ ನೋಡಿ.

ಗಿಟಾರನ್ನು ಗೋಡೆಗೆ ಒರಗಿಸಿ ಇಡಬೇಡಿ, ಮಣ್ಣಿನ ಗೋಡೆಯಾದರಂತೂ ಇಡಲೇಬೇಡಿ. ಮುಚ್ಚಿದ ಕೇಸಿನಲ್ಲಿ, ಬಣ್ಣ ಬದಲಾಯಿಸುವ ಬಗೆಯ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾದಾಗ ಹರಳುಗಳನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಕೇಸಿನೊಳಗೆ ಒಂದು ಚಿಕ್ಕ ತೇವಮಾಪಕ ಇಟ್ಟರೆ ಊಹೆ ಮಾಡುವ ಅಗತ್ಯವಿಲ್ಲ. ತೇವ ಹೋಗಲೆಂದು ಬಚ್ಚಲ ಒಲೆಯ ಬಳಿಯೋ, ಅಡುಗೆಮನೆಯ ಅಟ್ಟದ ಬೆಚ್ಚನೆಯ ಜಾಗದಲ್ಲೋ ಇಡುವವರನ್ನು ಕಂಡಿದ್ದೇನೆ. ಬಟ್ಟೆಗೂ ಹಪ್ಪಳಕ್ಕೂ ಅದು ಸರಿ; ಗಿಟಾರಿನಲ್ಲಿ ಶಾಖಕ್ಕೆ ಅಂಟು ಸಡಿಲವಾಗಿ, ಒಮ್ಮೆಲೇ ಒಣಗಿದ ಹಲಗೆ ಸೀಳುತ್ತದೆ.

ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಹತ್ತಿಬಟ್ಟೆಯಿಂದ ಮೇಲೆ ಕೆಳಗೆ ಒರೆಸಿ. ಉಕ್ಕಿನ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ನೈಲಾನ್ ಸೆಟ್ಟಿನ ದಪ್ಪ ತಂತಿಗಳಿಗೂ ಲೋಹ ಸುತ್ತಿರುವುದರಿಂದ ಅವೂ ಕಪ್ಪಾಗುತ್ತವೆ. ಬೆರಳು ಜಾರಿಸಿದಾಗ ಒರಟು ತಾಗಿದರೆ ತಂತಿ ಬದಲಿಸಿ. ಹಲವು ವಾರ ನುಡಿಸುವುದಿಲ್ಲವೆಂದಾದರೆ ಎಲ್ಲ ತಂತಿಗಳನ್ನೂ ಒಂದು ಸ್ವರದಷ್ಟು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ.

ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿದು ಗಾಳಿ ಒಣಗುತ್ತದೆ, ಮರ ಮತ್ತೆ ಕುಗ್ಗುತ್ತದೆ. ಆಗ ಗಿಟಾರನ್ನು ಶಿವಮೊಗ್ಗಕ್ಕೆ ತಂದು ಎತ್ತರ, ನೆಕ್, ಬ್ರಿಡ್ಜ್ ಮೂರನ್ನೂ ತೋರಿಸಿ ಸೆಟಪ್ ಮಾಡಿಸಿಕೊಳ್ಳಿ, ಮತ್ತು ಎದುರಿನ ಪಾಠವನ್ನೂ ಅದೇ ದಿನಕ್ಕೆ ಗೊತ್ತುಮಾಡಿಕೊಳ್ಳಿ. ಬರುವಾಗ ನೋಟ್‌ಬುಕ್ಕನ್ನೂ ಮಳೆಗಾಲದಲ್ಲಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಮೂರನ್ನೂ ಜೊತೆಗೆ ತನ್ನಿ: ಜೂನ್‌ನದೊಂದು, ಜುಲೈನದೊಂದು, ಆಗಸ್ಟ್‌ನದೊಂದು.